560087: ಒಂದು ವಿಳಾಸದ ವ್ಯಾಖ್ಯಾನ

ವರ್ತೂರು ಕಡೆಯ ವಿಳಾಸವೊಂದನ್ನು ಮೇಲಿನಿಂದ ಕೆಳಕ್ಕೆ, ಸಾಲು ಸಾಲಾಗಿ ಓದೋಣ.

“ಗುಂಜೂರು ಗ್ರಾಮ, ವರ್ತೂರು ಹೋಬಳಿ”

ಇದು ಕಂದಾಯ ಇಲಾಖೆಯ ಸಾಲು. ಪಹಣಿ, ಸರ್ವೆ ನಂಬರುಗಳ ಲೋಕ ಇದು. ಹೋಬಳಿ ಸೇರುವುದು ಬೆಂಗಳೂರು ಪೂರ್ವ ತಾಲ್ಲೂಕಿಗೆ. 2007ರಲ್ಲಿ ವರ್ತೂರು ಬಿಬಿಎಂಪಿ ವ್ಯಾಪ್ತಿಗೆ ಬಂದು ವಾರ್ಡ್ ಆಯಿತು. ಆದರೂ ಅಪಾರ್ಟ್‌ಮೆಂಟಿನ ಕ್ರಯಪತ್ರದಲ್ಲಿ ಹೋಬಳಿ ಹಾಗೇ ಉಳಿದಿದೆ.

“ವರ್ತೂರು ಅಂಚೆ”

ಇಡೀ ವಿಳಾಸದ ಕೀಲಿ ಇರುವುದು ಇಲ್ಲಿ. ಪಿನ್‌ಕೋಡ್ ಊರಿನದ್ದಲ್ಲ, ವಾರ್ಡಿನದ್ದೂ ಅಲ್ಲ; ಕಾಗದ ಬಟವಾಡೆ ಮಾಡುವ ಅಂಚೆ ಕಚೇರಿಯದ್ದು. ಚೀಲ ಎಲ್ಲಿ ಬಿಚ್ಚಬೇಕು, ಅಂಚೆಯಣ್ಣ ಎಲ್ಲಿಂದ ಹೊರಡಬೇಕು ಎಂಬುದಷ್ಟೇ ಅದರ ಪ್ರಶ್ನೆ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿದ್ದರೂ ಪಿನ್‌ಕೋಡ್‌ಗಳು ಸುಮಾರು 19 ಸಾವಿರ ಮಾತ್ರ. ಹಾಗಾಗಿ ಸಣ್ಣ ಕಚೇರಿಗಳೂ ಹಳ್ಳಿಗಳೂ ಒಂದೇ ಸಂಖ್ಯೆಯನ್ನು ಹಂಚಿಕೊಳ್ಳುತ್ತವೆ. ಗುಂಜೂರು ವರ್ತೂರಿನ ಸಂಖ್ಯೆ ಬರೆದುಕೊಳ್ಳುವುದು ಹೀಗೆ.

“560”

ಮೊದಲ 5 ದಕ್ಷಿಣದ ವಲಯ: ಕರ್ನಾಟಕ, ಆಂಧ್ರ, ತೆಲಂಗಾಣ. 56ರಿಂದ 59ರವರೆಗೆ ನಮ್ಮ ರಾಜ್ಯ. (ಕಾಸರಗೋಡಿನ ಕನ್ನಡಿಗರ ವಿಳಾಸ 671ರಿಂದ ಶುರುವಾಗುತ್ತದೆ, ಅಂಚೆಯ ಲೆಕ್ಕ ಭಾಷೆಯನ್ನು ಕೇಳುವುದಿಲ್ಲ.) ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಈ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಆಗ ನಮ್ಮದು ಇನ್ನೂ ಮೈಸೂರು ರಾಜ್ಯ.

560 ಬೆಂಗಳೂರಿನದ್ದು ನಿಜ. ಆದರೆ ಗುಂಜೂರಿನಿಂದ ದಕ್ಷಿಣಕ್ಕೆ ದೊಮ್ಮಸಂದ್ರಕ್ಕೆ ಹೋದರೆ ಅಲ್ಲಿ 562125. ಅದು ಆನೇಕಲ್ ತಾಲ್ಲೂಕು, ಜಿಲ್ಲೆ ಮಾತ್ರ ಅದೇ ಬೆಂಗಳೂರು ನಗರ ಜಿಲ್ಲೆ. ಜಿಲ್ಲೆಯ ಗಡಿ ಇಲ್ಲದ ಕಡೆ ಅಂಚೆಯ ಗಡಿ ಬಿದ್ದಿದೆ.

“087”

ಈ ಮೂರು ಅಂಕಿಗಳಲ್ಲಿ ದಿಕ್ಕೂ ಇಲ್ಲ, ದೂರವೂ ಇಲ್ಲ. ಸುತ್ತ ನೋಡಿ: ವೈಟ್‌ಫೀಲ್ಡ್ 066, ಮಾರತಹಳ್ಳಿ 037, ಬೆಳ್ಳಂದೂರು 103. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ ಇಳಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ನೀರು ಜೋಡಿಸಿರುವ ಈ ನೆರೆಹೊರೆಯ ಸುಳಿವು ಸಂಖ್ಯೆಯಲ್ಲಿ ಎಲ್ಲೂ ಸಿಗದು.

ಜನಸಂಖ್ಯೆಯ ಸುಳಿವೂ ಸಿಗದು. ಬೆಂಗಳೂರು ನಗರ ಜಿಲ್ಲೆಯ ಜನ 2001ರಲ್ಲಿ 65 ಲಕ್ಷ, 2011ರಲ್ಲಿ 96 ಲಕ್ಷ. ಆ ಏರಿಕೆಯಲ್ಲಿ ಈ ಐಟಿ ಪಟ್ಟಿಯ ಪಾಲು ದೊಡ್ಡದು. ಆದರೆ ಜನಗಣತಿ ಎಣಿಸುವುದು ಹಳ್ಳಿ, ವಾರ್ಡುಗಳ ಲೆಕ್ಕದಲ್ಲಿ. 560087ರಲ್ಲಿ ಎಷ್ಟು ಜನ ಎಂದು ಕೇಳಿದರೆ ಗಣತಿಯ ಪುಸ್ತಕದಲ್ಲಿ ನೇರ ಉತ್ತರವಿಲ್ಲ. ಹೀಗಿರುವಾಗ ಪಿನ್‌ಕೋಡ್ ಹಿಡಿದು ಒಂದು ಪ್ರದೇಶದ ಸಿರಿತನ, ಬೇಡಿಕೆ, ಅಪಾಯಗಳನ್ನು ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಟ್ಯಾಂಕರ್ ನೀರಿಗೆ ಕಾಯುವ ವಠಾರವನ್ನೂ ಈಜುಕೊಳವಿರುವ ಗೇಟೆಡ್ ಬಡಾವಣೆಯನ್ನೂ ಕೂಡಿಸಿ ಸರಾಸರಿ ತೆಗೆದರೆ ಅನ್ಯಾಯವಾಗುವುದು ವಠಾರಕ್ಕೆ.

2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ತಂದಿತು. ಹತ್ತು ಅಕ್ಷರ-ಅಂಕಿಗಳಲ್ಲಿ ಅದು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕವನ್ನು ತೋರಿಸುತ್ತದೆ. ಮನೆಯ ಜಾಗ ಅದರಿಂದ ನಿಖರವಾಗಿ ಸಿಗುತ್ತದೆ. ಅಲ್ಲಿಗೆ ಕಾಗದ ಯಾವ ಕಚೇರಿಯಿಂದ ಹೊರಡಬೇಕೆಂದು ಹೇಳಲು 087 ಬೇಕೇ ಬೇಕು.