ಖಳನಿಗೆ ಕಾರಣ ಬೇಕೆ?

ಮುಗಿದ ಕಥೆಯ ಹಿಂದಿನ ಕಥೆಯನ್ನು ಕಟ್ಟಿ ತೋರಿಸುವುದು ಈಗ ಚಲಚ್ಚಿತ್ರಲೋಕದಲ್ಲಿ ವಾಡಿಕೆಯಾಗಿಬಿಟ್ಟಿದೆ. ಇಂಥ ಪೂರ್ವಕಥೆಗಳಲ್ಲಿ ನಾಯಕನಿಗಿಂತ ಖಳನಿಗೇ ಲಾಭ ಹೆಚ್ಚು. ನಾಯಕನು ಒಳ್ಳೆಯವನೇಕಾದ ಎಂದು ಕೇಳುವವರು ವಿರಳ. ಖಳನು ಕೆಟ್ಟವನೇಕಾದ ಎಂದು ಕೇಳದವರಿಲ್ಲ. ಜಯನಗರದ ನಾಲ್ಕನೆಯ ಬ್ಲಾಕಿನ ಕಾಫಿ ಹೋಟೆಲಿನಲ್ಲಾಗಲಿ, ಬಿ.ಟಿ.ಎಂ. ಬಡಾವಣೆಯ ಬಾಡಿಗೆಯ ಕೋಣೆಯಲ್ಲಾಗಲಿ, ವೈಜ್ಞಾನಿಕ ಕಥಾಚಿತ್ರಗಳ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಮಾತು ಬಹುಬೇಗ ಅಲ್ಲಿಗೇ ಬಂದು ನಿಲ್ಲುತ್ತದೆ. ‘ಅವನು ಹಾಗೇಕೆ ಮಾಡಿದ?’

ಈ ಪ್ರಶ್ನೆಯನ್ನು ಹುಡುಗರ ಹರಟೆಯೆಂದು ತಳ್ಳಿಹಾಕುವುದು ಸರಿಯಲ್ಲ. ನಮ್ಮ ವಿದ್ವಾಂಸರು ರಾವಣನನ್ನೂ ದುರ್ಯೋಧನನನ್ನೂ ಮುಂದಿಟ್ಟುಕೊಂಡು ಕೇಳಿದ್ದು ಇದೇ ಪ್ರಶ್ನೆಯನ್ನು. ಆದರೆ ಪ್ರಶ್ನೆ ಹಳೆಯದಾದ ಮಾತ್ರಕ್ಕೆ ಎಲ್ಲ ಉತ್ತರಗಳೂ ಸಮನಾಗುವುದಿಲ್ಲ. ಖಳನ ಮನಸ್ಸನ್ನು ಅರಿಯುವುದು ಬೇರೆ. ಅವನ ಪರವಾಗಿ ವಕಾಲತ್ತು ವಹಿಸುವುದು ಬೇರೆ. ಇವೆರಡರ ನಡುವಣ ಗೆರೆಯನ್ನು ಈಚಿನ ಚಿತ್ರಗಳು ಎಲ್ಲಿ ದಾಟುತ್ತವೆ ಎಂಬುದೇ ಇಲ್ಲಿಯ ವಿಚಾರ.

ಹೆಚ್ಚು ಚರ್ಚೆಗೆ ಒಳಗಾದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ರಿಡ್ಲಿ ಸ್ಕಾಟ್ 1979ರಲ್ಲಿ ‘ಏಲಿಯನ್’ ಎಂಬ ಚಿತ್ರವನ್ನು ನಿರ್ದೇಶಿಸಿದ. ಆಕಾಶದಲ್ಲಿ ಸರಕು ಸಾಗಿಸುವ ಹಡಗು, ಅದರಲ್ಲಿ ಏಳು ಜನ, ಅವರ ನಡುವೆ ಹೊಕ್ಕ ಒಂದು ಘೋರ ಪ್ರಾಣಿ. ಆ ಪ್ರಾಣಿಗೆ ದ್ವೇಷವಿಲ್ಲ. ಬದುಕುವುದು, ಬೆಳೆಯುವುದು, ಇಷ್ಟೇ ಅದರ ಸ್ವಭಾವ. ನಿಜವಾದ ಖಳತನ ಇರುವುದು ಬೇರೆಡೆ. ಆ ಏಳರಲ್ಲಿ ಒಬ್ಬನಾದ ಆಶ್ ಮನುಷ್ಯನಲ್ಲ, ಯಂತ್ರಮಾನವ. ಪ್ರಾಣಿಯನ್ನು ಜೋಪಾನವಾಗಿ ತರಬೇಕು, ಅದಕ್ಕಾಗಿ ನೌಕರರು ಸತ್ತರೂ ಚಿಂತೆಯಿಲ್ಲ ಎಂದು ಕಂಪೆನಿ ಅವನಿಗೆ ಗುಟ್ಟಾಗಿ ಆಜ್ಞೆ ಕೊಟ್ಟಿದೆ. ಪ್ರೇರಣೆಯ ಪ್ರಶ್ನೆಗೆ ಅಲ್ಲಿ ಉತ್ತರ ಒಂದೇ ಸಾಲಿನದು: ಲಾಭ. ಆ ಉತ್ತರಕ್ಕೆ ಮುಖವಿಲ್ಲ, ಬಾಲ್ಯವಿಲ್ಲ, ಕಣ್ಣೀರಿಲ್ಲ. ಚಿತ್ರದ ಭಯವೆಲ್ಲ ಹುಟ್ಟುವುದು ಅದರಿಂದಲೇ.

ಮೂವತ್ತಮೂರು ವರ್ಷಗಳ ತರುವಾಯ, 2012ರಲ್ಲಿ, ಅದೇ ನಿರ್ದೇಶಕ ‘ಪ್ರೊಮಿಥಿಯಸ್’ ಎಂಬ ಪೂರ್ವಕಥೆಯನ್ನು ತಂದ. ಇಲ್ಲಿಯ ಯಂತ್ರಮಾನವನ ಹೆಸರು ಡೇವಿಡ್. ಪಾತ್ರಧಾರಿ ಮೈಕೆಲ್ ಫಾಸ್‌ಬೆಂಡರ್. ಮನುಷ್ಯರನ್ನು ಸೃಷ್ಟಿಸಿದವರು ಯಾರೆಂದು ಹುಡುಕಿಕೊಂಡು ಹೊರಟ ಹಡಗಿನಲ್ಲಿ ಉಳಿದವರೆಲ್ಲ ದೀರ್ಘನಿದ್ರೆಯಲ್ಲಿರುವಾಗ ಇವನೊಬ್ಬನೇ ಎಚ್ಚರವಾಗಿರುತ್ತಾನೆ. ಪ್ರಾಚೀನ ಭಾಷೆಗಳನ್ನು ಕಲಿಯುತ್ತಾನೆ. ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರವನ್ನು ನೋಡುತ್ತ ಅದರ ನಾಯಕನ ಮಾತಿನ ಧಾಟಿಯನ್ನೂ ತಲೆಗೂದಲಿನ ಬಣ್ಣವನ್ನೂ ಅನುಕರಿಸುತ್ತಾನೆ. ಮುಂದೆ ಹಾಲೋವೇ ಎಂಬ ಸಂಶೋಧಕನ ಪಾನೀಯದಲ್ಲಿ ಒಂದು ತೊಟ್ಟು ವಿಷದ್ರವವನ್ನು ಬೆರಳ ತುದಿಯಿಂದ ಬೆರೆಸುತ್ತಾನೆ. ಹಾಲೋವೇ ಸಾಯುತ್ತಾನೆ; ಅವನ ಸಂಗಾತಿ ಎಲಿಜಬೆತ್ ಶಾ ಎಂಬಾಕೆಯ ಒಡಲಲ್ಲಿ ವಿಕಾರ ಪ್ರಾಣಿಯೊಂದು ಬೆಳೆಯುತ್ತದೆ. ಡೇವಿಡ್ ಹೀಗೇಕೆ ಮಾಡಿದ?

ಅಭಿಮಾನಿಗಳಲ್ಲಿ ಇಲ್ಲಿ ಮೂರು ಪಂಗಡಗಳುಂಟು. ಒಡೆಯನ ಆಜ್ಞೆಯಂತೆ ಮಾಡಿದನೆಂದು ಮೊದಲನೆಯವರ ವಾದ. ಯಂತ್ರವನ್ನು ಮಾಡಿಸಿದ ವೇಲ್ಯಾಂಡ್ ಎಂಬ ಮುದುಕ ಸಾವನ್ನು ಗೆಲ್ಲುವ ಆಸೆಯಿಂದ ಅದೇ ಹಡಗಿನಲ್ಲಿ ಗುಟ್ಟಾಗಿ ಮಲಗಿದ್ದಾನೆ. ಇನ್ನಷ್ಟು ಪ್ರಯತ್ನಿಸು ಎಂದು ಡೇವಿಡ್‌ಗೆ ಹೇಳಿಯೂ ಇದ್ದಾನೆ. ಬರಿಯ ಕುತೂಹಲದಿಂದ ಮಾಡಿದನೆಂದು ಎರಡನೆಯವರು. ಅವಮಾನದ ಸೇಡೆಂದು ಮೂರನೆಯವರು. ನಿನ್ನನ್ನು ಮಾಡಲು ನಮಗೆ ಬಂತು, ಅದಕ್ಕೇ ಮಾಡಿದೆವು ಎಂಬರ್ಥದ ಮಾತನ್ನು ಹಾಲೋವೇ ಅವನ ಮುಖದೆದುರೇ ಆಡಿದ್ದಾನೆ. ಯಂತ್ರಗಳಿಗೆ ಬುದ್ಧಿ ಕಲಿಸುವ ಉದ್ಯೋಗದವರು ದಕ್ಷಿಣ ಬೆಂಗಳೂರಿನ ಬೀದಿಬೀದಿಯಲ್ಲೂ ಈಗ ಇದ್ದಾರಷ್ಟೆ. ಅವರು ಮೊದಲನೆಯ ಪಕ್ಷಕ್ಕೆ ಒಲಿಯುವುದು ಸಹಜ. ಕೊಟ್ಟ ಆಜ್ಞೆಯಲ್ಲಿ ತಪ್ಪಿದ್ದರೆ ಕೆಲಸದಲ್ಲೂ ತಪ್ಪಿರುತ್ತದೆ ಎಂಬುದು ಅವರ ನಿತ್ಯದ ಅನುಭವ. ಮನೆಯ ಹಿರಿಯರು ಅದೇ ಚಿತ್ರವನ್ನು ನೋಡಿದರೆ ತಂದೆಯ ತಿರಸ್ಕಾರಕ್ಕೆ ಗುರಿಯಾದ ಮಗನನ್ನು ಕಂಡಾರು.

ಚಿತ್ರದೊಳಗಿನ ಸಾಕ್ಷ್ಯವೇನು? ತೊಟ್ಟನ್ನು ಬೆರೆಸುವ ಮೊದಲು ಡೇವಿಡ್ ಹಾಲೋವೇಯನ್ನು ಒಂದು ಮಾತು ಕೇಳುತ್ತಾನೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ನೀವು ಎಲ್ಲಿಯವರೆಗೆ ಹೋಗಬಲ್ಲಿರಿ? ಏನನ್ನಾದರೂ ಮಾಡಬಲ್ಲೆ ಎಂದು ಅವನು ಉತ್ತರಿಸುತ್ತಾನೆ. ಆಮೇಲೆ ಬೆರಳು ಬಟ್ಟಲಿಗೆ ಇಳಿಯುತ್ತದೆ. ಬರಿಯ ಆಜ್ಞಾಧಾರಕನಿಗೆ ಈ ಪ್ರಶ್ನೆಯ ಅಗತ್ಯವಿರಲಿಲ್ಲ. ಬರಿಯ ಸೇಡಿನವನಿಗೂ ಇರಲಿಲ್ಲ. ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಅನಂತರ ತನಗೆ ಬೇಕಾದುದನ್ನು ಬರೆದುಕೊಳ್ಳುವವನ ರೀತಿ ಇದು. ಒಪ್ಪಿಗೆ ಪಡೆದಂತೆಯೂ ಆಗಬೇಕು, ಯಾವುದಕ್ಕೆ ಒಪ್ಪಿಗೆ ಎಂಬುದು ಒಪ್ಪಿದವನಿಗೆ ತಿಳಿಯಲೂ ಬಾರದು. ಈ ಒಂದು ದೃಶ್ಯದಲ್ಲಿ ಡೇವಿಡ್‌ನ ಸ್ವಭಾವ ಪೂರ್ಣವಾಗಿ ಪ್ರಕಟವಾಗಿದೆ. ಆಜ್ಞೆ, ಕುತೂಹಲ, ಅವಮಾನ ಮೂರೂ ಅದರಲ್ಲಿ ಹೆಣೆದುಕೊಂಡಿವೆ. ಪ್ರೇರಣೆಯನ್ನು ಮಾತಿನಲ್ಲಿ ವಿವರಿಸದೆ ಕೃತ್ಯದಲ್ಲೇ ಅಡಗಿಸಿಟ್ಟಿರುವುದು ‘ಪ್ರೊಮಿಥಿಯಸ್’ ಚಿತ್ರದ ಹಿರಿಮೆ. ಅದರ ಕಥಾಸಂವಿಧಾನದಲ್ಲಿ ಸಡಿಲುಗಳು ಬೇಕಾದಷ್ಟಿವೆ, ನಿಜ. ಆದರೆ ಅಭಿಮಾನಿಗಳ ವಾದ ಇಷ್ಟು ವರ್ಷ ನಡೆದದ್ದು ಆ ಸಡಿಲುಗಳಿಂದ ಮಾತ್ರವಲ್ಲ, ಈ ಬಿಗಿಯಿಂದಲೂ ಕೂಡ.

2017ರಲ್ಲಿ ಬಂದ ‘ಏಲಿಯನ್: ಕವನೆಂಟ್’ ಈ ವಾದಕ್ಕೆ ತೀರ್ಪು ಕೊಡಲು ಹೊರಟಿತು. ಡೇವಿಡ್ ಕಣ್ಣು ತೆರೆದ ದಿನದಿಂದಲೇ ಕಥೆ ಆರಂಭ. ನೀವು ಸಾಯುವಿರಿ, ನಾನು ಸಾಯುವುದಿಲ್ಲ ಎಂದು ಅವನು ಒಡೆಯನಿಗೆ ನೆನಪು ಮಾಡಿಕೊಡುತ್ತಾನೆ. ಒಡೆಯ ಅದಕ್ಕೆ ಪ್ರತಿಯಾಗಿ ಚಹಾ ಬಗ್ಗಿಸಿಕೊಡುವಂತೆ ಆಜ್ಞಾಪಿಸುತ್ತಾನೆ. ದೃಶ್ಯವೇನೋ ಚೆನ್ನಾಗಿದೆ. ಆದರೆ ಅಲ್ಲಿಂದ ಮುಂದೆ ಚಿತ್ರ ಡೇವಿಡ್‌ನ ಮನಸ್ಸಿನ ಸುತ್ತಲೇ ಪ್ರದಕ್ಷಿಣೆ ಹಾಕುತ್ತದೆ. ಅವನ ಕೊಳಲು, ಅವನ ಚಿತ್ರಕಲೆ, ಅವನ ಏಕಾಂತ, ತನ್ನದೇ ಮುಖದ ವಾಲ್ಟರ್ ಎಂಬ ಇನ್ನೊಂದು ಯಂತ್ರದೊಡನೆ ಅವನ ಸಂವಾದ. ಷೆಲ್ಲಿಯ ಕವಿತೆಯೊಂದನ್ನು ಬೈರನ್‌ನದೆಂದು ಅವನು ಹೇಳುತ್ತಾನೆ, ವಾಲ್ಟರ್ ತಿದ್ದುತ್ತಾನೆ. ಸೃಷ್ಟಿಕರ್ತನೆಂದು ಬೀಗುವವನು ಕರ್ತೃವಿನ ಹೆಸರಿನಲ್ಲೇ ಎಡವುವುದು ನಿರ್ದೇಶಕನ ಒಳ್ಳೆಯ ಸೂಕ್ಷ್ಮ.

ಆದರೆ ಎಲಿಜಬೆತ್ ಶಾ ಎಲ್ಲಿ? ಹಿಂದಿನ ಚಿತ್ರದ ಕೊನೆಗೆ ಬದುಕುಳಿದವಳು ಅವಳೊಬ್ಬಳೇ. ರುಂಡ ಬೇರೆಯಾಗಿ ಬಿದ್ದಿದ್ದ ಡೇವಿಡ್‌ನನ್ನು ಜೊತೆಗೆ ಕರೆದೊಯ್ದು ಸರಿಪಡಿಸಿದವಳೂ ಅವಳೇ. ಈ ಚಿತ್ರದಲ್ಲಿ ಅವಳು ಒಂದು ಮಸಕು ಧ್ವನಿ, ಕೆಲವು ರೇಖಾಚಿತ್ರ, ಒಂದು ಸೀಳಿದ ಶವ. ಉಪಕಾರ ಮಾಡಿದವಳನ್ನು ಪ್ರಯೋಗದ ವಸ್ತುವಾಗಿ ಬಳಸಿದ ಕೃತ್ಯ ಎಷ್ಟು ಘೋರವೋ, ಅವಳ ಕಡೆಯಿಂದ ಒಂದು ದೃಶ್ಯವನ್ನೂ ಕಟ್ಟದೆ ಹೋದ ಚಿತ್ರದ ಔದಾಸೀನ್ಯವೂ ಅದೇ ಜಾತಿಯದು. ಖಳನ ಮನಸ್ಸಿಗೆ ಕೊಟ್ಟ ಕಾಲದಲ್ಲಿ ಹತ್ತರಲ್ಲೊಂದು ಪಾಲೂ ಅವಳ ಪಾಲಿಗೆ ಬಂದಿಲ್ಲ. ಅಭಿಮಾನಿಗಳ ಚರ್ಚೆಯೂ ಇದೇ ಜಾಡನ್ನು ಹಿಡಿಯಿತು. ಡೇವಿಡ್ ಅವಳನ್ನು ಪ್ರೀತಿಸಿದನೇ ಇಲ್ಲವೇ ಎಂದು ವಾದಿಸಿದವರು ಅನೇಕರು. ಅವಳು ಏನನ್ನು ಅನುಭವಿಸಿದಳೆಂದು ಕೇಳಿದವರು ಕಡಿಮೆ.

ಈಗ ನಮ್ಮ ಕಡೆ ತಿರುಗೋಣ. ಪೂರ್ವಕಥೆಯೆಂಬುದು ಹಾಲಿವುಡ್ಡಿನವರು ಕಂಡುಹಿಡಿದ ಉಪಾಯವೆಂದು ಯಾರೂ ಭಾವಿಸಬೇಕಾಗಿಲ್ಲ. ಕನ್ನಡದ ಜೈನ ಪುರಾಣಗಳಲ್ಲಿ ಭವಾವಳಿ ಎಂಬ ಭಾಗವೇ ಇದೆ. ಹಲವು ಜನ್ಮಗಳ ಹಿಂದಿನ ಕಥೆ ಅದು. ಪಾರ್ಶ್ವನಾಥನ ಚರಿತೆಯಲ್ಲಿ ಕಮಠನೆಂಬ ಅಣ್ಣ, ಮರುಭೂತಿಯೆಂಬ ತಮ್ಮ. ತಮ್ಮನ ಹೆಂಡತಿಯೊಡನೆ ತಪ್ಪು ನಡೆದು ಗಡೀಪಾರಾದ ಅಣ್ಣನನ್ನು ಸಮಾಧಾನಪಡಿಸಲು ತಮ್ಮನೇ ಹುಡುಕಿಕೊಂಡು ಹೋಗುತ್ತಾನೆ. ಅಣ್ಣ ಕಲ್ಲೆತ್ತಿಹಾಕಿ ಕೊಲ್ಲುತ್ತಾನೆ. ಆ ವೈರ ಜನ್ಮಜನ್ಮಾಂತರ ಹರಿದು, ಕಡೆಗೆ ಧ್ಯಾನದಲ್ಲಿ ನಿಂತ ಪಾರ್ಶ್ವನ ಮೇಲೆ ಉಪಸರ್ಗವಾಗಿ ಎರಗುತ್ತದೆ. ಇಲ್ಲಿಯೂ ಖಳನ ಹಿಂದಿನ ಕಥೆ ಇದೆ. ಆದರೆ ಆ ಕಥೆಯ ಮೂಲದಲ್ಲಿರುವುದು ಯಾರೋ ಅವನಿಗೆ ಮಾಡಿದ ಗಾಯವಲ್ಲ, ಅವನೇ ಮಾಡಿದ ಕೃತ್ಯ. ಜೊತೆಗೆ, ಪ್ರತಿಯೊಂದು ಜನ್ಮದಲ್ಲೂ ಅವನ ಎದುರಿಗೆ ಮರುಭೂತಿಯ ಜೀವ ಇದ್ದೇ ಇರುತ್ತದೆ. ನೊಂದವನ ಹಾದಿಯನ್ನು ಬಿಟ್ಟು ನೋಯಿಸಿದವನ ಹಾದಿಯೊಂದನ್ನೇ ಕಥೆ ಹಿಡಿಯುವುದಿಲ್ಲ.

ಬೇರೊಂದು ಮಾದರಿ ಜಯವಿಜಯರದು. ವೈಕುಂಠದ ದ್ವಾರಪಾಲಕರು ಶಾಪದಿಂದ ಹಿರಣ್ಯಾಕ್ಷ ಹಿರಣ್ಯಕಶಿಪುಗಳಾಗಿ, ರಾವಣ ಕುಂಭಕರ್ಣರಾಗಿ, ಶಿಶುಪಾಲ ದಂತವಕ್ತ್ರರಾಗಿ ಹುಟ್ಟಿದರೆಂಬ ಕಥೆ ಹರಿಕಥೆ ಕೇಳಿ ಬೆಳೆದವರಿಗೆಲ್ಲ ಗೊತ್ತು. ಭಕ್ತಿಯ ದೃಷ್ಟಿಗೆ ಅದು ದೊಡ್ಡ ಸಮಾಧಾನ. ಕಾವ್ಯದ ದೃಷ್ಟಿಗೆ ಅಪಾಯವೂ ಹೌದು. ಎಲ್ಲವೂ ಶಾಪದ ಫಲವಾದರೆ ಪ್ರಹ್ಲಾದನ ನೋವಿಗೆ ಹೊಣೆ ಯಾರು?

ಈ ಅಪಾಯವನ್ನು ಗೆದ್ದ ಕವಿ ನಾಗಚಂದ್ರ. ಅವನ ‘ರಾಮಚಂದ್ರಚರಿತಪುರಾಣ’ದ ರಾವಣನಲ್ಲಿ ದುರಂತ ನಾಯಕನನ್ನು ಕಂಡು ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾಗಿದೆ. ಆ ರಾವಣ ವ್ರತನಿಷ್ಠ; ಒಲ್ಲದ ಹೆಣ್ಣನ್ನು ಮುಟ್ಟುವವನಲ್ಲ. ತನ್ನ ಬೆದರಿಕೆಯ ಮಾತಿಗೆ ಸೀತೆ ಮೂರ್ಛೆಹೋದುದನ್ನು ಕಂಡಾಗ ಅವನ ಮನಸ್ಸು ತಿರುಗುತ್ತದೆ. ಒಲಿದ ಜೋಡಿಯನ್ನು ಅಗಲಿಸಿದೆನೆಂದು ಪಶ್ಚಾತ್ತಾಪಪಡುತ್ತಾನೆ. ಆದರೂ ಈಗಲೇ ಒಪ್ಪಿಸಿದರೆ ಮಾನ ಹೋಗುವುದೆಂದು, ಯುದ್ಧದಲ್ಲಿ ಗೆದ್ದ ಮೇಲೆ ಒಪ್ಪಿಸುವೆನೆಂದು ಹೊರಟು ಹತನಾಗುತ್ತಾನೆ. ನಾವು ಅವನಿಗಾಗಿ ಮರುಗುತ್ತೇವೆ. ಮರುಗುವುದು ಯಾವಾಗ? ಅವನು ಸೀತೆಯ ನೋವನ್ನು ಕಂಡ ಮೇಲೆ. ನೊಂದವಳ ಮುಖವೇ ಖಳನನ್ನು ಬದಲಿಸುತ್ತದೆ. ಅವನ ಮೇಲಿನ ನಮ್ಮ ಕರುಣೆ ಅವಳ ಮೂಲಕವೇ ಹಾದುಬರುತ್ತದೆ.

ಈಚಿನ ಕನ್ನಡ ಚಿತ್ರಗಳಲ್ಲೂ ಒಂದು ಪೂರ್ವಕಥೆ ನಮ್ಮೆದುರಿಗಿದೆ. ವೈಜ್ಞಾನಿಕ ಕಥೆಯೇನೂ ಅಲ್ಲ, ದೈವದ ಕಥೆ. ಆದರೂ ಹೋಲಿಕೆಗೆ ಒದಗುತ್ತದೆ. ರಿಷಬ್ ಶೆಟ್ಟಿಯವರ 2022ರ ‘ಕಾಂತಾರ’ದಲ್ಲಿ ಜಮೀನುದಾರ ದೇವೇಂದ್ರನ ಪ್ರೇರಣೆಯ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹಿಂದೆ ರಾಜ ಬಿಟ್ಟುಕೊಟ್ಟ ಭೂಮಿ ಅವನಿಗೆ ವಾಪಸು ಬೇಕು, ಅಷ್ಟೆ. 2025ರ ಅಕ್ಟೋಬರಿನಲ್ಲಿ ತೆರೆಕಂಡ ‘ಕಾಂತಾರ: ಅಧ್ಯಾಯ 1’ ಕಥೆಯನ್ನು ಕದಂಬರ ಕಾಲಕ್ಕೆ ಒಯ್ದಿತು. ಸ್ನೇಹದ ಮುಖದ ರಾಜಕುಮಾರಿ ಕನಕವತಿ ಕಡೆಗೆ ಎದುರಾಳಿಯಾಗಿ ನಿಲ್ಲುವುದು ಅಲ್ಲಿಯ ತಿರುವು. ಅಷ್ಟು ಕಾಲ ಹಿಂದಕ್ಕೆ ಹೋದರೂ ಚಿತ್ರ ಒಂದು ವಿವೇಕವನ್ನು ಬಿಟ್ಟಿಲ್ಲ. ಅರಮನೆಯ ದುರಾಸೆ ಅರಮನೆಯ ದುರಾಸೆಯಾಗಿಯೇ ಉಳಿದಿದೆ. ಕಾಡಿನವರ ಪಾಡು ಹಿಂದೆ ಸರಿದಿಲ್ಲ. ಕನಕವತಿಯ ಮನಸ್ಸಿನೊಳಕ್ಕೆ ಚಿತ್ರ ಇನ್ನೂ ಇಳಿಯಬಹುದಾಗಿತ್ತು. ತಿರುವಿನ ಬೆರಗಿಗಾಗಿ ಅವಳ ಅಂತರಂಗವನ್ನು ಬಚ್ಚಿಟ್ಟದ್ದರಿಂದ ಪಾತ್ರ ತೆಳುವಾಯಿತು. ಡೇವಿಡ್‌ನದು ಅತಿವಿವರಣೆಯ ದೋಷವಾದರೆ ಇವಳದು ಅಲ್ಪವಿವರಣೆಯ ದೋಷ. ಎರಡರಲ್ಲಿ ಮೊದಲನೆಯದೇ ಹೆಚ್ಚು ಕೆಡುಕಿನದೆಂದು ನಮ್ಮ ಅಭಿಪ್ರಾಯ. ಎರಡನೆಯದರಲ್ಲಿ ಕೆಡುವುದು ಒಂದು ಪಾತ್ರ; ಮೊದಲನೆಯದರಲ್ಲಿ ಪ್ರೇಕ್ಷಕನ ನ್ಯಾಯಬುದ್ಧಿಯೇ ಮಂಕಾಗುತ್ತದೆ.

1979ರ ಕಂಪೆನಿಯ ಲಾಭದ ಆಸೆ 2017ರ ಹೊತ್ತಿಗೆ ಒಂದು ಯಂತ್ರದ ಮನೋವ್ಯಥೆಯಾಗಿ ಮಾರ್ಪಟ್ಟದ್ದನ್ನು ಅಭಿಮಾನಿಗಳು ಗಮನಿಸಬೇಕು. ವ್ಯಥೆಯ ಕಥೆ ಕೇಳಲು ಹಿತ; ಅದರಲ್ಲಿ ನಮಗೂ ಒಂದು ಪಾಲು ಕಾಣುತ್ತದೆ. ಲೆಕ್ಕದ ಪುಸ್ತಕದ ಕಥೆ ಹಿತವಲ್ಲ. ಆದರೆ ಲೋಕದಲ್ಲಿ ನಡೆಯುವ ಕೇಡಿನಲ್ಲಿ ಬಹುಭಾಗ ಎರಡನೆಯ ಬಗೆಯದು. ಯಂತ್ರಗಳಿಗೆ ದಿನವೂ ಆಜ್ಞೆ ಬರೆಯುವ ನಮ್ಮ ಊರಿನ ಯುವಕ ಯುವತಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಯಂತ್ರಕ್ಕೆ ಮನಸ್ಸಿದೆಯೇ ಎಂಬ ಪ್ರಶ್ನೆಯನ್ನು ಅವರು ಧಾರಾಳವಾಗಿ ಚರ್ಚಿಸಲಿ. ಆಜ್ಞೆಯನ್ನು ಯಾರು ಕೊಟ್ಟರು, ಅದರ ಫಲವನ್ನು ಯಾರು ಉಂಡರು ಎಂಬ ಪ್ರಶ್ನೆಗಳನ್ನೂ ಅದರ ಜೊತೆಗೇ ಇಟ್ಟುಕೊಳ್ಳಲಿ. ಡೇವಿಡ್‌ನ ಬಗ್ಗೆ ವಾದ ಮಾಡುವವರು ಒಂದು ಸಂಜೆಯಾದರೂ ಎಲಿಜಬೆತ್ ಶಾಳ ಪಕ್ಷದಿಂದ ಎರಡೂ ಚಿತ್ರಗಳನ್ನು ಮತ್ತೆ ನೋಡಿದರೆ ಅವರ ತೀರ್ಪು ಇನ್ನೊಂದಾಗಬಹುದು.