ಕರ್ಪೂರ ಉರಿದಾದ ಮೇಲೆ

ಪವಾಡ ಬಯಲು ಕಾರ್ಯಕ್ರಮಕ್ಕೆ ನಮ್ಮಲ್ಲಿ ಒಳ್ಳೆಯ ಪರಂಪರೆಯಿದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಅದೇ ವರ್ಷ ಮಂಗಳೂರಿನಲ್ಲಿ ವಿಚಾರವಾದಿ ಸಂಘ ಹುಟ್ಟಿತು. ಅದರ ನರೇಂದ್ರ ನಾಯಕ್ ಊರೂರು ಸುತ್ತಿ ಈ ಪ್ರಾತ್ಯಕ್ಷಿಕೆಗೆ ಒಂದು ಮಾದರಿಯನ್ನೇ ಕೊಟ್ಟರು.

ಅಂಗೈಯಲ್ಲಿ ಕರ್ಪೂರ ಉರಿಯುತ್ತದೆ. ಗಂಜಿ ಬೆರೆಸಿ ಒಣಗಿಸಿದ ಭಸ್ಮದ ಉಂಡೆ ಬೆರಳ ಸಂದಿಯಲ್ಲಿ ಪುಡಿಯಾಗಿ 'ಶೂನ್ಯ'ದಿಂದ ವಿಭೂತಿ ಉದುರುತ್ತದೆ. ರಂಗಕಲೆಯಾಗಿ ಇದಕ್ಕೆ ನನ್ನ ಪೂರ್ಣ ಅಂಕ. (ಅರಶಿನಕ್ಕೆ ಸುಣ್ಣ ಸೇರಿಸಿ ಕೆಂಪು ಮಾಡುವುದನ್ನು ಮಾತ್ರ ಬಿಡಬಹುದು, ಆರತಿಗೆ ಇದೇ ಕೆಂಪು ಕುರ್ದಿ ನೀರು ಕಲಸಿ ಗೊತ್ತಿರುವವರಿಗೆ ಅದರಲ್ಲೇನು ಬೆರಗು?) ಆದರೆ ಈ ಪ್ರಯೋಗಗಳೆಲ್ಲ ಮೋಸಗಾರನೊಬ್ಬನಿದ್ದಾನೆ ಎಂದುಕೊಂಡೇ ಹೊರಡುತ್ತವೆ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಬೋರ್‌ವೆಲ್ಲಿಗೆ ಪಾಯಿಂಟ್ ತೋರಿಸುವವರು ಹೆಚ್ಚಿನಂಶ ಮೋಸಗಾರರಲ್ಲ. ಕಾಯಿ ನೆಟ್ಟಗೆ ನಿಂತದ್ದನ್ನು ಅವರೂ ನಂಬಿದ್ದಾರೆ. ಅಲ್ಲಿ ಕೈಚಳಕ ಬಯಲು ಮಾಡಿ ಪ್ರಯೋಜನವಿಲ್ಲ. ಅವರು ತೋರಿಸದ ಜಾಗದಲ್ಲೂ ಕೊರೆದು ನೋಡಿದ್ದೀರಾ ಎಂದು ಕೇಳಬೇಕು. 1980ರ ದಶಕದಲ್ಲಿ ಮ್ಯೂನಿಕ್ ಬಳಿ ಹೀಗೆ ನೀರು ನೋಡುವ 43 ಮಂದಿಯನ್ನು ನೂರಾರು ಬಾರಿ ಪರೀಕ್ಷಿಸಿದರು. ಆ ಅಂಕಿಗಳನ್ನು ಆಮೇಲೆ ಮತ್ತೆ ಲೆಕ್ಕ ಹಾಕಿದ ಜೇಮ್ಸ್ ಎನ್‌ರೈಟ್‌ಗೆ ಸಿಕ್ಕಿದ್ದು ಬರೀ ಆಕಸ್ಮಿಕ.

ಇಂಥ ಪ್ರಶ್ನೆ ಕೇಳದ ಕೊರತೆ ಕೊಕ್ಕಡದಲ್ಲಿ ಇನ್ನಷ್ಟು ಕಾಡುತ್ತದೆ. ಇಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಕೊಕ್ಕಡ, ಪಟ್ರಮೆ, ನಿಡ್ಲೆಯ ಜನ ಮಕ್ಕಳ ಅಂಗವೈಕಲ್ಯಕ್ಕೂ ಅದಕ್ಕೂ ನಂಟಿದೆ ಎಂದರು. ಆ ಮಾತಿಗೂ ಮೊದಲು ಸಿಕ್ಕಿದ್ದು ಮೂಢನಂಬಿಕೆಗೆ ಸಿಗುವ ಉತ್ತರವೇ: ಪುರಾವೆಯಿಲ್ಲ. ಆಚೆ ಕಾಸರಗೋಡಿನ ಪಡ್ರೆಯಲ್ಲಿ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಸಿಂಪಡಣೆಯಾದ ಊರಿನ 117 ಹುಡುಗರನ್ನು, ಸಿಂಪಡಣೆಯಾಗದ ಊರಿನ 90 ಹುಡುಗರ ಜೊತೆ ಹೋಲಿಸಿದರು. ಮೊದಲ ಗುಂಪಿನವರು ಪ್ರಾಯಕ್ಕೆ ಬರುವುದು ತಡವಾಗಿತ್ತು. 2003ರಲ್ಲಿ ಆ ಅಧ್ಯಯನ ಪ್ರಕಟವಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್‌ಗೆ ದೇಶಾದ್ಯಂತ ತಡೆ ಹಾಕಿತು.

ತೆಂಗಿನಕಾಯಿ ಸೋತದ್ದೂ ಊರವರ ಗುಮಾನಿಗೆ ಬಲ ಬಂದದ್ದೂ ಹೋಲಿಸಿ ನೋಡಿದ್ದರಿಂದಲೇ. ನಮ್ಮ ವೇದಿಕೆಗಳಲ್ಲಿ ಕಾಣದ್ದು ಇದೊಂದೇ. ಚಪ್ಪಾಳೆ ಸಿಗುವ ಬಾಬತ್ತಲ್ಲ, ನಿಜ. ಇನ್ನೂ ಕಷ್ಟದ ಮಾತೆಂದರೆ, ಆ 117 ಹುಡುಗರ ಅಧ್ಯಯನದಿಂದ ಇಂಥದೇ ಮಗುವಿನ ಇಂಥದೇ ಕಾಯಿಲೆಗೆ ಎಂಡೋಸಲ್ಫಾನೇ ಕಾರಣ ಎಂದು ಹೇಳಲಾಗುವುದಿಲ್ಲ. ಭಾಷಣಕಾರ ಇದನ್ನು ಎಂಡೋಸಲ್ಫಾನ್ ಪೀಡಿತರ ಪಾಲನಾ ಕೇಂದ್ರವಿರುವ ಕೊಕ್ಕಡದಲ್ಲಿ, ಮುಂದಿನ ಸಾಲಿನಲ್ಲಿ ಕೂತ ತಂದೆತಾಯಿಯ ಮುಖ ನೋಡಿ ಹೇಳಬೇಕು. ಕರ್ಪೂರ ಹಿಡಿಯಲು ಅಷ್ಟು ಧೈರ್ಯ ಬೇಡ.