ಬೀಗವೂ ಬೀಗದ ಕೈಯೂ: ವೈರಾಣುಶಾಸ್ತ್ರದ ಒಂದು ಉಪಮೆಯ ವಿಮರ್ಶೆ

ಕಾವ್ಯದಲ್ಲಿ ಉಪಮೆಯು ಶೋಭೆಗಾಗಿ ಬರುವುದುಂಟು. ಶಾಸ್ತ್ರದಲ್ಲಿ ಅದು ಅರ್ಥಬೋಧಕ್ಕಾಗಿಯೇ ಬರತಕ್ಕದ್ದು. ಆದುದರಿಂದ ಕಾವ್ಯದಲ್ಲಿ ಕ್ಷಮ್ಯವಾದ ಉಪಮಾದೋಷವು ಶಾಸ್ತ್ರದಲ್ಲಿ ಕ್ಷಮ್ಯವಲ್ಲ. 2020ರಿಂದೀಚೆಗೆ ಕೊರೋನಾ ವೈರಾಣುವನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರೆಹಗಳಲ್ಲಿ ಒಂದು ಉಪಮೆ ರೂಢವಾಗಿದೆ: ವೈರಾಣುವಿನ ಮೈಮೇಲಣ ಮುಳ್ಳಿನಂಥ ಪ್ರೋಟೀನು ಬೀಗದ ಕೈ, ಮಾನವಕೋಶದ ಎಸಿಇ-2 ಎಂಬ ಗ್ರಾಹಕವು ಬೀಗ. ಇದರ ಔಚಿತ್ಯವು ವಿಚಾರಣೀಯವಾಗಿದೆ.

ಕಿಣ್ವಗಳ ವಿಷಯದಲ್ಲಿ ಈ ಉಪಮಾನವನ್ನು 1894ರಲ್ಲಿ ಹೇಳಿದವನು ಜರ್ಮನಿಯ ಎಮಿಲ್ ಫಿಷರ್. ಎಲ್ಲ ವೈರಾಣುವೂ ಎಲ್ಲ ಕೋಶವನ್ನೂ ಏಕೆ ಹೊಗಲಾರದೆಂಬುದನ್ನು ಇದು ಚೆನ್ನಾಗಿ ತಿಳಿಸುತ್ತದೆ. ಇದರ ಗುಣ ಇಷ್ಟು. ಆದರೆ ಕೂಡುವ ವಸ್ತುವಿನಿಂದಲೇ ಕಿಣ್ವದ ಆಕಾರವು ಮಾರ್ಪಡುವುದೆಂದು ಪ್ರತಿಪಾದಿಸಿ, 1958ರಲ್ಲಿ ಕೋಶ್‌ಲ್ಯಾಂಡನು ಇದನ್ನು ತಿದ್ದಿದನು. ಭದ್ರಾವತಿಯಲ್ಲಿ 1923ರಲ್ಲಿ ಮೊದಲಾದ ಕಾರ್ಖಾನೆಯ ಕಬ್ಬಿಣದಿಂದ ಬೀಗ ಮಾಡಿದರೆ ಅದು ಬಾಗದು. ಪ್ರೋಟೀನಾದರೋ ನೀರಿನ ನಡುವೆ ಸದಾ ಅಲುಗುತ್ತಿರುತ್ತದೆ. ಮೇಲಾಗಿ, ಬೀಗವು ತೆರೆಯುತ್ತದೆ, ಇಲ್ಲವೆ ತೆರೆಯದು. ಪ್ರೋಟೀನುಗಳ ಬಂಧದಲ್ಲಿ ತಾರತಮ್ಯವುಂಟು. ಮುಳ್ಳಿನ 501ನೆಯ ಸ್ಥಾನದ ಆಸ್ಪರಾಜಿನ್ ಟೈರೊಸಿನ್ ಆದಾಗ ಹಿಡಿತ ಬಿಗಿಯುತ್ತದೆ. 417ನೆಯ ಸ್ಥಾನದ ಲೈಸಿನ್ ಆಸ್ಪರಾಜಿನ್ ಆದಾಗ ಹಿಡಿತ ಸಡಿಲುತ್ತದೆ. ಆದರೆ ಕೆಲವು ಪ್ರತಿಕಾಯಗಳಿಂದ ವೈರಾಣು ತಪ್ಪಿಸಿಕೊಳ್ಳುತ್ತದೆ. 2021ರ ನವೆಂಬರಿನಲ್ಲಿ ಹೆಸರು ಪಡೆದ ಓಮಿಕ್ರಾನಿನಲ್ಲಿ ಎರಡೂ ಉಂಟು. ಇದನ್ನು ಬೀಗದ ಕೈ ಹೇಗೆ ತಿಳಿಸೀತು? ಭಾಮಹನು ಹೇಳಿದ ಏಳು ಉಪಮಾದೋಷಗಳಲ್ಲಿ ಅಸದೃಶತೆಯೂ ಒಂದೆಂಬುದನ್ನು ಇಲ್ಲಿ ನೆನೆಯಬಹುದು. ಕೈಯೂ ಕೈಗವಸೂ ಎಂದರೆ ಸಾದೃಶ್ಯವು ಹತ್ತಿರವಾದೀತು.

ಗಣಕಯಂತ್ರದಲ್ಲಿ ಈ ಎರಡು ಪ್ರೋಟೀನುಗಳನ್ನು ರೂಪಿಸಿ, ಪರಮಾಣುಗಳ ಚಲನೆಯನ್ನು ಲೆಕ್ಕಹಾಕಿ, ಬಂಧದ ಬಲವನ್ನು ಊಹಿಸುವ ವಿಧಾನವನ್ನು 'ಅನುಕರಣ' ಎನ್ನುವುದು ಸಾಧುವಾಗಿಯೇ ಇದೆ. ಶಂಕುಕನ ಮತದಲ್ಲಿ ನಟನ ಅನುಕರಣದಿಂದ ಸಾಮಾಜಿಕನಿಗೆ ಉಂಟಾಗುವುದು ಅನುಮಿತಿ. ಅವನ ಚಿತ್ರತುರಗನ್ಯಾಯವು ಪ್ರಸಿದ್ಧವಾದುದು. ಗಣಕದ ಅನುಕರಣವೂ ಹಾಗೆಯೇ. ಅದರ ಫಲವು ಅನುಮಾನ, ಪ್ರತ್ಯಕ್ಷವಲ್ಲ. 'ಬಿಗಿಯಾಗಿ ಅಂಟುತ್ತದೆ, ಆದ್ದರಿಂದ ಹೆಚ್ಚು ಮಾರಕ' ಎಂಬ ವಾಕ್ಯದಲ್ಲಿ ವ್ಯಾಪ್ತಿಯಿಲ್ಲ. ಅದು ಹೇತ್ವಾಭಾಸವೇ ಸರಿ. ಪ್ರಯೋಗಶಾಲೆಯ ಅಳತೆಯೂ ರೋಗಿಗಳ ವೃತ್ತಾಂತವೂ ಒದಗದೆ ಹಾಗೆ ಬರೆಯಲಾಗದು.

ಇದು ಕೇವಲ ಪದಗಳ ಚರ್ಚೆಯಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ವೈರಾಣುರೋಗಕ್ಕೆ, ಸತ್ತ ಮಂಗಗಳನ್ನು ನೋಡಿ, 'ಮಂಗನ ಕಾಯಿಲೆ' ಎಂಬ ಹೆಸರು ನಿಂತಿತು. ಮನುಷ್ಯರಿಗೆ ಅದು ಮುಖ್ಯವಾಗಿ ತಗುಲುವುದು ಉಣುಗಿನ ಕಡಿತದಿಂದ. ಹೆಸರು ಕೇಳಿದವನು ಮರದ ಮೇಲೆ ನೋಡುತ್ತಾನೆ. ಅಪಾಯವು ಕಾಲಬುಡದ ತರಗೆಲೆಯಲ್ಲಿರುತ್ತದೆ.

'ಗ್ರಾಹಕ' ಶಬ್ದವೂ ಪರಿಶೀಲನಾರ್ಹ. ಧಾತ್ವರ್ಥಕ್ಕೆ ಅದು ಒಪ್ಪುತ್ತದೆ. ರೂಢಿಯಲ್ಲಾದರೋ ಅಂಗಡಿಯ ಗಿರಾಕಿಯನ್ನು ಸೂಚಿಸುತ್ತದೆ. 'ಗ್ರಾಹಿ' ಎಂದರೆ ಈ ಸಂದೇಹವಿರದು. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಕನ್ನಡದ ಅಧ್ಯಾಪಕರೂ ಜೀವಶಾಸ್ತ್ರಜ್ಞರೂ ಅಲ್ಲಿ ಒಂದೇ ಆವರಣದಲ್ಲಿದ್ದಾರೆ. ಅವರು ಕೂಡಿ ಕುಳಿತು ಇಂಥ ಪದಗಳನ್ನೂ ಉಪಮೆಗಳನ್ನೂ ಪರಿಶೋಧಿಸಿದರೆ ಕನ್ನಡ ಶಾಸ್ತ್ರಸಾಹಿತ್ಯಕ್ಕೆ ಮಹೋಪಕಾರವಾದೀತು.